ಅತ್ತಿಗೆ ಕೆಲಸಕ್ಕೆ ಹೊರಟರು

ಯಲಹಂಕ ಹಳೇ ಟೌನ್
8 ಜೂನ್ 2025

ರಮಾ,

ಈ ಕಾಲದಲ್ಲಿ ಅಂಚೆಯವನು ಕಾಗದ ತಂದುಕೊಟ್ಟರೆ ಯಾರೋ ಹೋಗಿಬಿಟ್ಟರು ಎಂದು ಎದೆ ಹಿಡಿದುಕೊಳ್ಳಬೇಡ. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನಿಮ್ಮಣ್ಣ ಈಗ ತಾನೇ ಎರಡು ಮುದ್ದೆ ಮುಗಿಸಿ ಮಲಗಿದ್ದಾರೆ. ಆ ಗೊರಕೆ ನಾಗಪುರದವರೆಗೂ ಕೇಳಿಸುತ್ತಿರಬೇಕು.

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಗಡಿಯಾರದ ಕಾರ್ಖಾನೆಯ ಪ್ರೆಸ್ ಸೆಕ್ಷನ್ ನಿನ್ನ ಕಿವಿಯನ್ನು ಅಲ್ಲೇ ಇಟ್ಟುಕೊಂಡು ನಿನ್ನನ್ನು ಮನೆಗೆ ಕಳಿಸಿದೆ. ನಾನು ಕೂಗಬೇಕು, ನಿನ್ನ ಮಗಳು ಸಂಯುಕ್ತಾ ಸ್ಪೀಕರ್ ಹಾಕಬೇಕು; ಆಗ ನಿನಗೊಬ್ಬಳಿಗೆ ಬಿಟ್ಟು ಎರಡೂ ಮನೆಯವರಿಗೆ ಕೇಳಿಸುತ್ತದೆ. ವಾಟ್ಸಾಪ್ ಎಂದರೆ ನನ್ನ ಫೋನು ನನ್ನ ಕೈಗಿಂತ ಮಗ ಗಿರಿಯ ಕೈಯಲ್ಲೇ ಹೆಚ್ಚು. ಇದು ಅವನು ಓದಬಾರದ ವಿಷಯ.

ಸೊಸೆ ಸುಚಿತ್ರಾಳ ಹೆರಿಗೆ ರಜೆ ಆಗಸ್ಟಿಗೆ ಮುಗಿಯುತ್ತದೆ. ಮೊನ್ನೆ ಊಟದ ಹೊತ್ತಿನಲ್ಲಿ ಗಿರಿ ಅವಳಿಗೆ, "ನೀನ್ಯಾಕೆ ಟೆನ್ಷನ್ ತಗೋತೀಯ, ಪಾಪುನ ಅಮ್ಮ ನೋಡ್ಕೋತಾರೆ" ಎಂದ. ನಿಮ್ಮಣ್ಣ, "ಊಂ, ಇನ್ನ ಅವ್ಳಿರೋದ್ಯಾಕೆ" ಎಂದು ಸಾರಿಗೆ ತಟ್ಟೆ ಚಾಚಿದರು. ನಾನು ಅಲ್ಲೇ ಸೌಟು ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಮಿಕ್ಸಿ ಇದೆ, ಫ್ರಿಜ್ ಇದೆ, ಅಮ್ಮ ಇದ್ದಾಳೆ. ಸುಚಿತ್ರಾ ತಲೆ ಎತ್ತಲಿಲ್ಲ. ಅವಳಿಗೂ ಒಪ್ಪಿಗೆ ಇದೆ ಎಂದುಕೊಂಡೆ.

ಮೊಮ್ಮಗಳು ಇಂಚರ ನನಗೆ ಬೇಡವಾದ ಕೂಸಲ್ಲ. ಅವಳು ಬಾಯಗಲಿಸಿ ನಕ್ಕರೆ ನಾನು ಒಲೆಯ ಮೇಲಿನ ಹಾಲು ಮರೆಯುತ್ತೇನೆ. ಆದರೆ ಈ ಮನೆಯಲ್ಲಿ ನಾನು ನಿನ್ನ ಮಗಳನ್ನು ನೋಡಿಕೊಂಡೆ, ಗಿರಿಯನ್ನು ನೋಡಿಕೊಂಡೆ, ಮೈದುನ ಭೀಮರಾಜನ ಇಬ್ಬರನ್ನು ನೋಡಿಕೊಂಡೆ, ಕೊನೆಗೆ ನಿಮ್ಮಮ್ಮನನ್ನೂ ಮಗುವಿನ ಹಾಗೆ ನೋಡಿಕೊಂಡೆ. ಒಂದು ಸಲವಾದರೂ ಯಾರಾದರೂ "ಆಗುತ್ತಾ?" ಎಂದು ಕೇಳಬಹುದಿತ್ತು.

ಈಗ ನಿಜವಾದ ವಿಷಯ. ನಮ್ಮ ಬೀದಿ ಕೊನೆಯ ಟೈಲರ್ ರಹಮತುಲ್ಲಾ ಸಾಬರ ಸೊಸೆ ಮುಸರ್ರತ್ ಹೆಬ್ಬಾಳ ಕೆರೆಯಾಚೆಯ ಒಂದು ದೊಡ್ಡ ಆಫೀಸ್ ಕ್ಯಾಂಪಸ್ಸಿನಲ್ಲಿ ಡೇಕೇರ್ ನಡೆಸುತ್ತಾಳೆ. ಕೆಲಸಕ್ಕೆ ಬರುವವರು ಮಕ್ಕಳನ್ನು ಅಲ್ಲಿ ಬಿಡುತ್ತಾರೆ. "ಅಕ್ಕಾ, ಸಣ್ಣ ಮಕ್ಕಳ ರೂಮಿಗೆ ಒಬ್ರು ಬೇಕು. ನೀವು ಬಂದ್ರೆ ನಂಗೆ ನೆಮ್ಮದಿಯಾಗಿ ನಿದ್ದೆ ಬರ್ತದೆ" ಎಂದಳು. ತರಬೇತಿಯಂತೆ, ಕತ್ತಿಗೆ ಹಾಕುವ ಕಾರ್ಡಂತೆ, ಭಾನುವಾರ ರಜೆಯಂತೆ. ರಜೆ ಎಂದಾಗ ನಗು ಬಂತು. ನನಗೆ ಯಾರೂ ಯಾವತ್ತೂ ರಜೆ ಕೊಟ್ಟಿಲ್ಲ. ಕೊಡುವುದಕ್ಕೆ ನಾನು ಕೆಲಸದಲ್ಲೇ ಇರಲಿಲ್ಲವಲ್ಲ.

ನೀನು ದುಡಿದವಳು. ಹೋಗಲೇ, ಬೇಡವೇ, ಹೇಳು.

ಮುನಿಗಂಗಮ್ಮ


ನಾಗಪುರ
20 ಜೂನ್ 2025

ಅತ್ತಿಗೆ,

ನಿಮ್ಮ ಕಾಗದ ಓದಿ ನನಗೆ ಗಾಬರಿಯಾಯಿತು. ಅಣ್ಣನ ಕೈ ಬಿಗಿಯಾಗಿದೆಯೇ? ಗಿರಿ ಮನೆಗೆ ಕೊಡುತ್ತಿಲ್ಲವೇ? ಹಾಗಿದ್ದರೆ ಮುಚ್ಚುಮರೆ ಬೇಡ, ನಾನು ತಿಂಗಳು ತಿಂಗಳು ಏನಾದರೂ ಕಳಿಸುತ್ತೇನೆ. ನಾನು ಇರುವಾಗ ನಮ್ಮ ಮನೆಯ ಹಿರಿಸೊಸೆ ಯಾರದೋ ಮಕ್ಕಳ ಚಡ್ಡಿ ತೊಳೆಯುವುದು ಬೇಡ.

ನೀವು ಹೊರಗೆ ದುಡಿದವರಲ್ಲ, ಅದಕ್ಕೇ ನಿಮಗೆ ಅದು ಚೆಂದ ಕಾಣುತ್ತದೆ. ನಾನು ಕಂಡಿದ್ದೇನೆ. ಬಸ್ಸು ತಪ್ಪಿದರೆ ಅರ್ಧ ದಿನ ಹೋಯಿತು. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕು. ನಾವು ಹೆಂಗಸರು ಬಚ್ಚಲಿಗೆ ಹೋಗಿ ಬಂದರೆ ಫೋರ್‌ಮನ್ ಗಡಿಯಾರ ನೋಡುತ್ತಿದ್ದ. ಗಡಿಯಾರದ ಕಾರ್ಖಾನೆಯಲ್ಲಿ ಅದಕ್ಕೇನು ಬರವೇ! ಈ ವಯಸ್ಸಿನಲ್ಲಿ ಇನ್ನೊಬ್ಬರ ಕೈಕೆಳಗೆ ನಿಂತು "ಹೂಂ ಮೇಡಂ" ಎನ್ನುವುದು ನಿಮ್ಮಿಂದಾಗದು. ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಆರಾಮಾಗಿ ಕೂತಿರಿ.

ನನ್ನನ್ನೇ ನೋಡಿ. ದುಡಿಯುವಷ್ಟು ದುಡಿದೆ, ಈಗ ಮಗಳ ಮನೆಯಲ್ಲಿ ರಾಣಿಯ ಹಾಗಿದ್ದೇನೆ. ಬಾಲ್ಕನಿಯಲ್ಲಿ ಕೂತರೆ ಕಿತ್ತಳೆ ಹಣ್ಣಿನ ಗಾಡಿ ಹೋಗುತ್ತದೆ. ಸಂಯುಕ್ತಾ ಬ್ಯಾಂಕಿಗೆ, ಅಳಿಯ ಕಾಲೇಜಿಗೆ ಹೋದ ಮೇಲೆ ಮನೆಯೆಲ್ಲ ನನ್ನದೇ. ಬೇಕಾದಾಗ ಚಹಾ, ಬೇಕಾದಾಗ ನಿದ್ದೆ...

ಕುಕ್ಕರ್ ಕೂಗಿತು, ಮೊಮ್ಮಗನೂ ಎದ್ದ. ಹೊರಗೆ ಹಾಕಿದ ಬಟ್ಟೆ ಬೇರೆ ನೆನೆಯುತ್ತಿದೆ. ನಿಲ್ಲಿಸುತ್ತೇನೆ.

ಹೋಗಬೇಡಿ.

ರಮಾ


ಯಲಹಂಕ
1 ಜುಲೈ 2025

ರಮಾ,

ದುಡ್ಡಿನ ಮಾತನ್ನು ಯಾರಾಡಿದರು? ನಾನಂತೂ ಆಡಲಿಲ್ಲ. ನೀನು ಕಾರ್ಖಾನೆಗೆ ಹೋದಾಗ ಯಾರಾದರೂ ನಿಮ್ಮಪ್ಪನ ಕೈ ಬಿಗಿಯಾಗಿದೆಯೇ ಎಂದು ಕೇಳಿದರೇ? "ರಮಾಗೆ ಕೆಲಸ ಸಿಕ್ಕಿತು" ಎಂದು ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ನಾನು ಹೊರಗೆ ದುಡಿದವಳಲ್ಲ, ನಿಜ. ಯಾಕೆ ಎಂದು ನೀನು ಕೇಳಿದವಳಲ್ಲ, ಅದೂ ನಿಜ. ಇಲ್ಲಿಯವರೆಗೆ ಹೇಳುವ ಅಗತ್ಯ ಬರಲಿಲ್ಲ. ಸಂಯುಕ್ತಾ ಹುಟ್ಟಿದ ವರ್ಷ ಇಲ್ಲಿ ಹೊಸದಾಗಿ ಅಂಗನವಾಡಿ ತೆರೆದರು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಈ ಬೀದಿಯಲ್ಲಿ ನಾನೊಬ್ಬಳೇ. ನನ್ನ ಹೆಸರು ಬಂತು. ಅದಕ್ಕೂ ಸಂಬಳ ಎನ್ನುತ್ತಿರಲಿಲ್ಲ, ಗೌರವಧನ ಎನ್ನುತ್ತಿದ್ದರು. ಇರಲಿ, ಗೌರವವಾದರೂ ಇತ್ತು. ಅದೇ ತಿಂಗಳು ನಿನ್ನ ರಜೆ ಮುಗಿಯಿತು. ನಿಮ್ಮಮ್ಮ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ, "ಊರ ಮಕ್ಕಳ್ನ ನೋಡಕ್ಕೋಗ್ತೀಯಾ, ಮನೆ ಮಗೀನ ನೋಡ್ತೀಯಾ?" ಎಂದರು. ಮಗು ನನ್ನ ಬೆರಳು ಹಿಡಿದುಕೊಂಡಿತು. ಪ್ರಶ್ನೆ ಮುಗಿಯಿತು.

ನನಗೆ ದುಃಖವಿಲ್ಲ, ರಮಾ. ಆ ಕೆಲಸವನ್ನೂ ಸಂಯುಕ್ತಾಳನ್ನೂ ಈಗ ಎದುರಿಗಿಟ್ಟರೂ ಸಂಯುಕ್ತಾಳನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಎರಡೂ ಯಾಕಾಗಬಾರದಿತ್ತು ಎಂದು ಈಗ ಯೋಚನೆ ಬರುತ್ತದೆ.

ತರಬೇತಿಗೆ ಸೇರಿದ್ದೇನೆ. ಮನೆಯಲ್ಲಿ ಮಹಿಳಾ ಸಂಘದ ಕಸೂತಿ ಕ್ಲಾಸು ಎಂದಿದ್ದೇನೆ. ಕಸೂತಿ ತೋರಿಸು ಎಂದು ಯಾರೂ ಕೇಳಿಲ್ಲ. ಆ ಮಟ್ಟಿಗೆ ಒಳ್ಳೆಯ ಮನೆ.

ಮುನಿಗಂಗಮ್ಮ


ನಾಗಪುರ
29 ಜುಲೈ 2025

ಅತ್ತಿಗೆ,

ನಿಮ್ಮ ಕಾಗದ ತಲುಪಿತು. ಬರೆಯಲು ಪುರುಸೊತ್ತಿಲ್ಲ. ಆಮೇಲೆ ಬರೆಯುತ್ತೇನೆ.

ರಮಾ


ಯಲಹಂಕ
24 ಆಗಸ್ಟ್ 2025

ರಮಾ,

ನಿನ್ನ ಒಂದೂವರೆ ಸಾಲಿನ ಕಾಗದ ಬಂದು ತಿಂಗಳಾಗುತ್ತಾ ಬಂತು. ಸಿಟ್ಟಾಗಿದ್ದೀಯೆ. ಆಗು. ರಾಣಿಯರಿಗೆ ಸಿಟ್ಟು ಬರುತ್ತದೆ. ಆದರೆ ಇಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಹೊಟ್ಟೆ ಉಬ್ಬುತ್ತಿದೆ.

ತರಬೇತಿಯ ಕೊನೆಯ ವಾರ. ನಾನು ನೀಲಿ ಕೋಟು ಹಾಕಿಕೊಂಡು ಸಣ್ಣ ಮಕ್ಕಳ ರೂಮಿನಲ್ಲಿ ರಬ್ಬರ್ ಗೊಂಬೆಯೊಂದನ್ನು ಮಂಡಿಯ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟುತ್ತಿದ್ದೆ. ಗಂಟಲಿಗೆ ಏನಾದರೂ ಸಿಕ್ಕಿದರೆ ಹಾಗೆ ಮಾಡಬೇಕಂತೆ. ಇಷ್ಟು ಮಕ್ಕಳನ್ನು ಸಾಕಿದ ನನಗೆ ಇದು ಗೊತ್ತೇ ಇರಲಿಲ್ಲ. ನಾವು ನೆತ್ತಿಗೆ ಬಡಿದು "ಯಾರೋ ನೆನೆಸ್ಕೊಂಡ್ರು" ಎನ್ನುತ್ತಿದ್ದೆವು. ದೇವರೇ ಕಾಪಾಡಿದ. ಅಷ್ಟರಲ್ಲಿ ಮುಸರ್ರತ್, "ಬನ್ನಿ ಮೇಡಂ, ಇದು ನಮ್ಮ ಇನ್‌ಫೆಂಟ್ ರೂಮು" ಎಂದು ಯಾರಿಗೋ ಬಾಗಿಲು ತೆರೆದಳು.

ತಲೆಯೆತ್ತಿ ನೋಡಿದರೆ ಸುಚಿತ್ರಾ! ಎದೆಗೆ ಇಂಚರಳನ್ನು ಕಟ್ಟಿಕೊಂಡಿದ್ದಾಳೆ. ಬೆಳಗ್ಗೆ ನನಗೆ "ಇಂಜೆಕ್ಷನ್ ಹಾಕ್ಸೋಕೆ ಹೋಗ್ತಿದೀನಿ" ಎಂದಿದ್ದಳು.

"ಅತ್ತೇ, ನೀವಿಲ್ಲಿ?"

"ನೀನಿಲ್ಲಿ?"

ಇಬ್ಬರ ಮುಖವೂ ಸುಣ್ಣವಾಯಿತು. ಇಂಚರ ಮಾತ್ರ ನನ್ನ ನೀಲಿ ಕೋಟು ನೋಡಿ ಕೇಕೆ ಹಾಕಿದಳು. ಮುಸರ್ರತ್ ಬುದ್ಧಿವಂತೆ, "ನಾನು ಆಮೇಲೆ ಬರ್ತೀನಿ" ಎಂದು ಹೊರಟೇಹೋದಳು.

ಅಲ್ಲಿಂದ ಇಬ್ಬರೂ ಹೊರಬಂದು ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿದೆವು. ಅವಳ ಆಫೀಸು ಇದೇ ಕ್ಯಾಂಪಸ್ಸಿನ ಹಿಂದಿನ ಕಟ್ಟಡದಲ್ಲಿದೆ. "ಹೆಬ್ಬಾಳದ ಹತ್ರ" ಎಂದಷ್ಟೇ ನಾನು ತಿಳಿದಿದ್ದೆ; ಹೆಚ್ಚಿಗೆ ಯಾವತ್ತೂ ಕೇಳಿರಲಿಲ್ಲ. ಅವಳು ಹೇಳಿದ್ದು ಕೇಳು: "ಅತ್ತೆ, ಅವತ್ತು ಊಟಕ್ಕೆ ಕೂತಾಗ ಗಿರಿ ಹಂಗಂದ್ಬಿಟ್ರಲ್ಲ, ನಂಗೆ ತಲೆ ಎತ್ತಿ ನಿಮ್ಮ ಮುಖ ನೋಡೋಕೇ ಆಗ್ಲಿಲ್ಲ. ನಿಮ್ಮ ಮಂಡಿ ನೋವು ನಂಗೆ ಗೊತ್ತಿಲ್ವಾ? ಬೇಡ ಅಂದ್ರೆ ನಿಮ್ಗೆ ಬೇಜಾರಾಗುತ್ತೇನೋ, ಹೂಂ ಅಂದ್ರೆ ನಿಮ್ಮನ್ನ ದುಡಿಸ್ಕೊಂಡಂಗೆ. ಅದಕ್ಕೆ ಸುಮ್ನೆ ಬಂದು ನೋಡೋಣ ಅಂತ..."

ನಾನು ಒಪ್ಪಿಗೆ ಎಂದುಕೊಂಡದ್ದು ನಾಚಿಕೆಯಾಗಿತ್ತು ನೋಡು. ಒಂದೇ ಮನೆಯಲ್ಲಿ ಒಂದೇ ಸಾರು ಉಣ್ಣುತ್ತಿದ್ದೆವು.

ಅವತ್ತೇ ಸಂಜೆ ಇಬ್ಬರೂ ಜೊತೆಯಾಗಿ ಹೇಳಿದೆವು. ಗಿರಿ ತಟ್ಟೆ ಸರಿಸಿದ. "ಬೇರೆಯವ್ರ ಮಕ್ಕಳ ಡೈಪರ್ ಬದಲಾಯ್ಸೋಕೆ ಹೋಗ್ತೀಯಾ ಅಮ್ಮ? ನನ್ನ ಫ್ರೆಂಡ್ಸೇ ಆ ಕ್ಯಾಂಪಸ್‌ನಲ್ಲಿದ್ದಾರೆ. ಏನಂತಾರೆ ಅವ್ರು?"

"ನಿನ್ನ ಮಗೂದು ಬದಲಾಯ್ಸಿದ್ರೆ ಏನಂತಾರೋ?"

"ಅದು ಬೇರೆ. ಅದು ಮನೆ."

"ಅಲ್ಲಿ ವಾಸನೆ ಬೇರೆ ಇರುತ್ತೇನೋ?" ಎಂದೆ. ಸುಚಿತ್ರಾ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು.

ನಿಮ್ಮಣ್ಣನ ಚಿಂತೆಯೇ ಬೇರೆ. "ಅಂಗಾದ್ರೆ ಮದ್ಯಾನ್ನ ನಂಗೆ ಊಟ ಯಾರಿಕ್ತಾರೆ?" ಎಂದರು. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿದವರಿಗೆ ಗ್ಯಾಸ್ ಹಚ್ಚಲು ಬರುವುದಿಲ್ಲವೇ ಎಂದೆ. ಆ ಮಾತು ನಾಟಿತು. ಮಾರನೆಯ ದಿನ ಹಚ್ಚಿದರು. ಅನ್ನ ಗಂಜಿಯಾಗಿತ್ತು. "ಜ್ವರದೋರ್ಗೆ ಒಳ್ಳೇದು" ಎಂದು ಅವರೇ ಉಂಡರು.

ಇಂಚರಳನ್ನೂ ಅಲ್ಲೇ ಸೇರಿಸಿದ್ದೇವೆ. ಆದರೆ ಮುಸರ್ರತ್‌ಳ ನಿಯಮ: ಯಾರ ಮನೆಯ ಮಗುವೂ ಅವರವರ ಕೈಕೆಳಗೆ ಇರಕೂಡದು. ಹಾಗಾಗಿ ನನ್ನ ಮೊಮ್ಮಗಳು ಪಕ್ಕದ ರೂಮಿನಲ್ಲಿ ಜಬೀನ್ ಎಂಬ ಹುಡುಗಿಯ ಹತ್ತಿರ. ನಡುವೆ ನನ್ನ ಎದೆಮಟ್ಟದ ಗೋಡೆ. ಮೊದಲ ದಿನ ಇಂಚರ ಅತ್ತಳು. ನನ್ನ ತೋಳಿನಲ್ಲಿ ಇನ್ಯಾರದೋ ಮಗ ಇದ್ದ, ಅವನೂ ಅಳುತ್ತಿದ್ದ. ರಮಾ, ನನ್ನ ಕಾಲು ತಾನಾಗಿಯೇ ಗೋಡೆಯ ಕಡೆ ಹೊರಟಿತು. ಆಗ ಜಬೀನ್ ಇಂಚರಳನ್ನು ಭುಜಕ್ಕೆ ಹಾಕಿಕೊಂಡು ಅವಳ ಭಾಷೆಯಲ್ಲಿ ಏನೋ ಗುನುಗಿದಳು. ಅಳು ನಿಂತಿತು. ನನಗೆ ಒಂದು ಗಳಿಗೆ ಹೊಟ್ಟೆಕಿಚ್ಚು. ಆಮೇಲೆ ನನ್ನ ತೋಳಿನಲ್ಲಿದ್ದವನ ಮುಖ ನೋಡಿದೆ. ಅವನ ಅಜ್ಜಿಯೂ ಎಲ್ಲೋ ಇರುತ್ತಾಳಲ್ಲ ಎನಿಸಿತು. ಅವನಿಗೂ ಹಾಡಿದೆ.

ಗಿರಿ ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನೀನೂ ಆಡುತ್ತಿಲ್ಲ. ಇಬ್ಬರಿಗೂ ನಾನೇ ಎದೆಗವಚಿಕೊಂಡು ಹಾಲು ಕುಡಿಸಬೇಕೇನೋ.

ಮುನಿಗಂಗಮ್ಮ


ನಾಗಪುರ
14 ಸೆಪ್ಟೆಂಬರ್ 2025

ಅತ್ತಿಗೆ,

ನಿಮ್ಮ ಕಾಗದವನ್ನು ಬಚ್ಚಲಮನೆಯಲ್ಲಿ ಕೂತು ಓದಿದೆ. ಯಾಕೆಂದರೆ ಈ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನು ಕೂರಬಹುದಾದ ಜಾಗ ಅದೊಂದೇ.

ಈಗ ಗೊತ್ತಾಯಿತೇ ನಿಮ್ಮ ರಾಣಿಯ ಅರಮನೆ?

ನನಗೆ ಸಿಟ್ಟಿರಲಿಲ್ಲ. ಜುಲೈನಲ್ಲಿ ಮನೆಗೆಲಸದವಳು ಊರಿಗೆ ಹೋದವಳು ಬರಲಿಲ್ಲ. ನನಗೆ ಜ್ವರ ಬಂತು, ಮೊಮ್ಮಗನಿಗೂ ಬಂತು. ಅವನ ಜ್ವರ ಎಲ್ಲರಿಗೂ ಗೊತ್ತಾಯಿತು, ನನ್ನದು ನನಗೊಬ್ಬಳಿಗೆ. ಸಂಯುಕ್ತಾ ಕೆಟ್ಟವಳಲ್ಲ. ನೀವು ಸಾಕಿದ ಮಗಳು, ಕೆಟ್ಟವಳಾಗುವುದು ಹೇಗೆ? "ಅಮ್ಮ, ಆಗುತ್ತಾ?" ಎಂದು ಅವಳು ಕೇಳುತ್ತಾಳೆ. ನಾನೇ ಪ್ರತಿ ಸಲ, "ನೀ ಹೋಗಮ್ಮ, ನನಗೇನು ಕೆಲಸ?" ಎನ್ನುತ್ತೇನೆ. ಹೇಳಿ ಹೇಳಿ ಅವಳೂ ನಂಬಿದ್ದಾಳೆ.

ಕಾರ್ಖಾನೆಯನ್ನು ಬೈದು ಬರೆದೆನಲ್ಲ, ಅಲ್ಲಿ ಒಂದು ಸೈರನ್ ಇತ್ತು ಅತ್ತಿಗೆ. ಅದು ಕೂಗಿದರೆ ಸಾಕು, ಕೈಯಲ್ಲಿದ್ದದ್ದನ್ನು ಇಟ್ಟು ಏಳುತ್ತಿದ್ದೆವು. ಬಸ್ಸಿನಲ್ಲಿ ಹಾಡು, ಕಡಲೆಕಾಯಿ, ಯಾರದೋ ಮದುವೆಯ ಮಾತು. ಇಲ್ಲಿ ಸೈರನ್ನೇ ಇಲ್ಲ. ರಾತ್ರಿ ಮಲಗಿದ ಮೇಲೂ ನಾಳೆಯ ಚಪಾತಿ ಹಿಟ್ಟು ತಲೆಯಲ್ಲಿ ನಾದುತ್ತಿರುತ್ತೇನೆ. ನಿಮಗೆ ಹೇಳಿದರೆ ನಗುತ್ತೀರಿ ಎಂದು ಹೇಳಲಿಲ್ಲ. "ಫ್ಯಾಕ್ಟರಿ ರಮಾ ಈಗ ಮುಸುರೆ ರಮಾ" ಎನ್ನುತ್ತೀರಿ ಎಂದುಕೊಂಡೆ.

ಇನ್ನು ಅಂಗನವಾಡಿಯ ಮಾತು. ಅದಕ್ಕೆ ಮಾತ್ರ ನಿಮ್ಮ ಮೇಲೆ ಸಿಟ್ಟಿದೆ! ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ಅಮ್ಮನ ಜೊತೆ ಜಗಳ ಆಡುತ್ತಿದ್ದೆ. ಯೂನಿಯನ್ನಿನಲ್ಲಿ ಮ್ಯಾನೇಜರನ್ನೇ ನಿಲ್ಲಿಸಿ ಮಾತಾಡಿದವಳು ನಾನು, ಅಮ್ಮ ಯಾವ ಲೆಕ್ಕ? ಮಗುವನ್ನು ಅಂಗನವಾಡಿಗೇ ಕರೆದುಕೊಂಡು ಹೋಗುತ್ತಿದ್ದಿರಿ, ಸಂಯುಕ್ತಾಳಿಗೆ ಉಪ್ಪಿಟ್ಟೂ ಸಿಗುತ್ತಿತ್ತು. ಇಷ್ಟು ಸುಲಭದ ದಾರಿ ಒಂದೇ ಸೂರಿನಡಿ ಇಬ್ಬರು ಹೆಂಗಸರಿಗೆ ಹೊಳೆಯಲಿಲ್ಲ, ಯಾಕೆಂದರೆ ಒಬ್ಬಳು ಹೇಳಲಿಲ್ಲ, ಇನ್ನೊಬ್ಬಳು ಬಸ್ಸಿಗೆ ಓಡುತ್ತಿದ್ದಳು.

ನೀಲಿ ಕೋಟಿನ ಫೋಟೋ ಕಳಿಸಿ.

ರಮಾ


ಯಲಹಂಕ
12 ಅಕ್ಟೋಬರ್ 2025

ರಮಾ,

ಫೋಟೋ ಇಟ್ಟಿದ್ದೇನೆ. ಕೋಟು ಭುಜದ ಹತ್ತಿರ ಬಿಗಿ, ಅದಕ್ಕೇ ಉಸಿರು ಹಿಡಿದು ನಿಂತಿದ್ದೇನೆ.

ನಿನ್ನ ಕಾಗದ ಓದಿ ನಾನು ನಗಲಿಲ್ಲ. ಜ್ವರದ ವಿಷಯ ಓದಿ ಅತ್ತೆ. ಮುಸುರೆ ರಮಾ ಎಂಬಲ್ಲಿ ಮಾತ್ರ ಸ್ವಲ್ಪ ನಕ್ಕೆ.

ಮೊನ್ನೆ ನಮ್ಮ ಮನೆಗೆ ಸಮೀಕ್ಷೆಯವರು ಬಂದಿದ್ದರು. ಮೇಷ್ಟರಮ್ಮ ಒಬ್ಬರು ಬಿಸಿಲಲ್ಲಿ ಬೆವೆತು ಜಗಲಿಯಲ್ಲಿ ಕೂತರು. ನಾನು ಒಳಗೆ ಮಜ್ಜಿಗೆ ಬೆರೆಸುತ್ತಿದ್ದೆ. "ನಿಮ್ಮ ಹೆಂಡ್ತಿ ಏನ್ ಕೆಲಸ ಮಾಡ್ತಾರೆ?" ಎಂದು ಅವರು ನಿಮ್ಮಣ್ಣನನ್ನು ಕೇಳಿದರು. ನಾನು ಕಿವಿಗೊಟ್ಟೆ.

"ಎಬ್ಬಾಳದಾಗೆ ಕೆಲ್ಸಕ್ಕೋಯ್ತಾಳೆ. ಮಕ್ಕಳ್ನ ನೋಡ್ಕೊಳ್ಳೋ ಕೆಲ್ಸ. ಬರ್ಕಳ್ಳಿ."

"ನೀವು?"

"ನಾನಾ? ಮನೇಲಿರ್ತೀನಿ. ಅಡ್ಗೆ ಮಾಡ್ತೀನಿ."

ಮೇಷ್ಟರಮ್ಮ ತಲೆಯೆತ್ತಿದರು. "ಹಂಗೇ ಹಾಕ್ಲಾ?"

"ಹಾಕಿ ಹಾಕಿ. ಅವರೆಕಾಳ್ ಸಾರು ಮಾಡಿವ್ನಿ, ಉಂಡ್ಕೊಂಡೋಗಿ. ಆಮೇಲೆ ನಿಮ್ಗೇ ಅನುಮಾನ ಇರಾಕಿಲ್ಲ."

ನನಗೆ ನಿಮ್ಮಮ್ಮನ ನೆನಪಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೀಗೇ ಯಾರೋ ಜನಗಣತಿಗೆ ಬಂದಿದ್ದರು. ಅತ್ತೆ ಆಗ ತಾನೇ ದ್ರಾಕ್ಷಿ ತೋಟದಿಂದ ಬಂದು ನಿಂತಿದ್ದರು. ಬೆಳಗಿನಿಂದ ಗೊಂಚಲು ಕತ್ತರಿಸಿ ಕೈಯೆಲ್ಲ ಅಂಟು, ಸೆರಗಿನಲ್ಲಿ ಕಲೆ. "ನಿಮ್ಮನೆಯೋರ ಕೆಲ್ಸ?" ಎಂದು ಕೇಳಿದರೆ ಮಾವ, "ಏನಿಲ್ಲ, ಸುಮ್ಕೆ ಮನೇಲವ್ಳೆ" ಎಂದರು. ಅತ್ತೆ ತಾವೇ ತಂದ ಹಣ್ಣನ್ನು ತೊಳೆದು ಆ ಬಂದವರಿಗೆ ಕೊಟ್ಟರು. ಅವರಿಗೆ ಅದು ತಪ್ಪೆಂದೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಅವರ ಮಗನ ಬಾಯಲ್ಲಿ ಬೇರೆ ಮಾತು ಬರುವುದಕ್ಕೆ ಇಷ್ಟು ಕಾಲ ಬೇಕಾಯಿತು. ಮಜ್ಜಿಗೆಗೆ ಉಪ್ಪು ಎರಡು ಸಲ ಹಾಕಿದೆ.

ಗಿರಿಯ ಸಿಟ್ಟೂ ಇಳಿದಿದೆ. ಒಂದು ದಿನ ಮಗುವನ್ನು ಕರೆದುಕೊಳ್ಳಲು ಬಂದಾಗ ಅವನ ಸ್ನೇಹಿತನೇ ಎದುರಾದನಂತೆ. "ಗುರು, ಗಂಗಜ್ಜಿ ನಿಮ್ಮಮ್ಮನಾ? ನನ್ ಮಗ ಅವ್ರ ಹಾಡಿಲ್ದೆ ಮಲಗಲ್ಲ ಕಣೋ. ಮನೇಲಿ ಹಾಡೋಕೆ ಬರ್ದು ಕೊಡೋಕೆ ಹೇಳು" ಎಂದನಂತೆ. ಅವತ್ತು ಗಿರಿ ಕಾರಿನಲ್ಲಿ ನನಗೆ ಮುಂದಿನ ಸೀಟು ಕೊಟ್ಟ. ಕ್ಷಮೆ ಗಿಮೆ ಏನೂ ಇಲ್ಲ, ಮುಂದಿನ ಸೀಟು. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತ ಕಡೆಯೇ ನಿಂತಿದ್ದೆವು, ನನಗೆ ವಿಮಾನದಲ್ಲಿ ಹೋದಂತಿತ್ತು.

ಹಾಗೆಂದು ನಾನು ಅಲ್ಲಿ ಮಹಾರಾಣಿ ಎಂದುಕೊಳ್ಳಬೇಡ. ಕಳೆದ ವಾರ ಎಲ್ಲ ಕೂಸುಗಳಿಗೂ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟೆ. ಒಂದು ಮಗುವಿಗೆ ಕೆನ್ನೆ ಕೆಂಪಾಯಿತು, ತಾಯಿ ದೂರು ಕೊಟ್ಟಳು. ಮುಸರ್ರತ್ ನನ್ನನ್ನು ಕರೆದು, "ಅಕ್ಕಾ, ಪ್ರೀತಿ ಇರ್ಲಿ, ಕಾಡಿಗೆ ಬ್ಯಾಡ" ಎಂದಳು. "ಹೂಂ ಮೇಡಂ" ಎಂದೆ. ನೀನು ಹೇಳಿದಷ್ಟು ಕಷ್ಟವಾಗಲಿಲ್ಲ.

ಈಗ ನಿನಗೆ ಒಂದು ಮಾತು. ಸಂಯುಕ್ತಾ ತಾನಾಗಿ ತಿಳಿದುಕೊಳ್ಳಲಿ ಎಂದು ಕಾಯಬೇಡ. ನಾನು ಹಾಗೆ ಕಾದು ಕೂದಲು ಬೆಳ್ಳಗಾಯಿತು. ಮ್ಯಾನೇಜರನ್ನು ನಿಲ್ಲಿಸಿ ಮಾತಾಡಿದವಳು ಮಗಳನ್ನು ಕೂರಿಸಿ ಮಾತಾಡು.

ಮುನಿಗಂಗಮ್ಮ


ನಾಗಪುರ
23 ನವೆಂಬರ್ 2025

ಅತ್ತಿಗೆ,

ಧೈರ್ಯ ಮಾಡುವುದಕ್ಕೆ ತಿಂಗಳು ಹಿಡಿಯಿತು. ಹೋದ ಭಾನುವಾರ ಮಾತಾಡಿದೆ.

ಅಳಿಯ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಸಂಯುಕ್ತಾ ಫೋನ್ ನೋಡುತ್ತಾ, "ಅಮ್ಮ, ಸಂಜೆ ಬ್ಯಾಂಕಿನೋರು ನಾಲ್ಕು ಜನ ಊಟಕ್ಕೆ ಬರ್ತಾರೆ, ನೀನು ಬಿಸಿಬೇಳೆಬಾತ್ ಮಾಡ್ತೀಯಲ್ಲ?" ಎಂದಳು. ನನ್ನ ಬಾಯಿ ಅಭ್ಯಾಸದಂತೆ "ಅದಕ್ಕೇನು" ಎಂದು ಹೊರಟಿತ್ತು. ನಿಮ್ಮ ಫೋಟೋ ಫ್ರಿಜ್ಜಿನ ಮೇಲಿತ್ತು, ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಿರಿ.

"ಇಲ್ಲ ಕಣೆ. ನನಗೆ ಆಗಲ್ಲ" ಎಂದೆ.

"ಹುಷಾರಿಲ್ವಾ?"

"ಹುಷಾರಾಗಿದೀನಿ. ಸುಸ್ತಾಗಿದೆ. ಇವತ್ತಲ್ಲ, ಎರಡು ವರ್ಷದಿಂದ."

ಅವಳು ಫೋನ್ ಕೆಳಗಿಟ್ಟಳು. ಮೊದಲು ಮುಖ ಕೆಂಪಾಯಿತು. "ನಾನೇನು ನಿನ್ನ ದುಡಿಸ್ಕೋತಿದೀನಾ? ನಿಂಗೆ ಇಷ್ಟ ಅಂತ ತಾನೆ ನೀನೇ ಹೇಳ್ತಿದ್ದೆ?" ಎಂದು ರೇಗಿದಳು. ನಾನೂ ರೇಗಿದೆ. ನನಗೆ ಕಿವಿ ಕೇಳುವುದಿಲ್ಲವಲ್ಲ, ನಾನು ರೇಗಿದರೆ ಅಪಾರ್ಟ್‌ಮೆಂಟಿಗೆಲ್ಲ ಗೊತ್ತಾಗುತ್ತದೆ. ಮೇಲಿನ ಮನೆಯವರು ಬಾಗಿಲು ತೆಗೆದು ನೋಡಿದರು.

ಆಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದು ನಿಧಾನವಾಗಿ ಹೇಳಿದಳು: "ಅಮ್ಮ, ನಾನು ಮುನಿಗಂಗತ್ತೆ ಹತ್ರ ಬೆಳೆದೋಳು. ಅವ್ರು ಯಾವತ್ತೂ ಸುಸ್ತಾಯ್ತು ಅಂದಿದ್ದು ನಾನು ಕೇಳಿಲ್ಲ. ಮಕ್ಕಳನ್ನ ನೋಡ್ಕೊಂಡ್ರೆ ಸುಸ್ತೇ ಆಗಲ್ಲ ಅಂದ್ಕೊಂಡಿದ್ದೆ."

ನೋಡಿದಿರಾ ಅತ್ತಿಗೆ, ನಿಮ್ಮ ಮೌನ ಎಷ್ಟು ದೂರ ಬಂದು ನನ್ನ ಬೆನ್ನು ಮುರಿಯಿತು!

ಇಬ್ಬರೂ ಅತ್ತೆವು, ನಕ್ಕೆವು. ಸಂಜೆ ನಾಲ್ಕು ಜನಕ್ಕೂ ಹೋಟೆಲಿನಿಂದ ತರಿಸಿದಳು. ಚೆನ್ನಾಗಿರಲಿಲ್ಲ. ನನಗೆ ಅಮೃತದಂತಿತ್ತು. ಈಗ ಮೊಮ್ಮಗ ಬೆಳಗ್ಗೆ ಪ್ಲೇಸ್ಕೂಲಿಗೆ ಹೋಗುತ್ತಾನೆ, ಅಳಿಯ ಬಿಡುತ್ತಾರೆ. ಚಪಾತಿಗೆ ಒಬ್ಬರು ಬರುತ್ತಾರೆ. ಅವರು ಬಂದು ಹೋಗುವ ಹೊತ್ತು ಮೀರಿದರೆ ಸಂಯುಕ್ತಾಳಿಗಿಂತ ಮೊದಲು ನಾನೇ, "ಸಾಕು, ಮನೆಗೆ ಹೋಗಿ" ಎನ್ನುತ್ತೇನೆ. ಹೇಗೂ ಸೈರನ್ ಇಲ್ಲ, ನಾನೇ ಆಗಿದ್ದೇನೆ.

ಮಾರ್ಚಿಗೆ ಚಿಕ್ಕಬಾಣಾವರದ ನನ್ನ ಮನೆ ಖಾಲಿಯಾಗುತ್ತದೆ. ಬಾಡಿಗೆಯವರಿಗೆ ಹೇಳಿದ್ದೇನೆ. ನಾನು ಬರುತ್ತಿದ್ದೇನೆ, ಅತ್ತಿಗೆ. ಬಂದು ಏನು ಮಾಡುತ್ತೀಯ ಎಂದು ಕೇಳಬೇಡಿ. ಏನೂ ಮಾಡುವುದಿಲ್ಲ. ಬಿಸಿಲು ಮಂಚದ ಮೇಲೆ ಬೀಳುವವರೆಗೆ ಮಲಗಿರುತ್ತೇನೆ.

ರಮಾ


ಯಲಹಂಕ
15 ಫೆಬ್ರವರಿ 2026

ರಮಾ,

ಟಿಕೆಟ್ ಆಯಿತೆಂದು ಸಂಯುಕ್ತಾ ಹೇಳಿದಳು. ಯಲಹಂಕ ಜಂಕ್ಷನ್ನಿನಲ್ಲೇ ಇಳಿ, ನಿಮ್ಮಣ್ಣ ಬರುತ್ತಾರೆ. ಊಟ ಅವರದೇ. ಹೊಗಳು, ಇಲ್ಲದಿದ್ದರೆ ಎರಡು ದಿನ ಮುಖ ಊದಿಸುತ್ತಾರೆ.

ನೀನು ಬರುವ ಮೊದಲು ಇದೊಂದನ್ನು ಬರೆದುಬಿಡುತ್ತೇನೆ. ಎದುರಿಗೆ ಹೇಳಲು ನನಗೆ ಆಗದು.

ಸೋಮವಾರ ನಾನು ಒಂದು ಕೂಸಿಗೆ ಗಂಜಿ ತಿನ್ನಿಸುತ್ತಿದ್ದೆ. ಪಕ್ಕದ ರೂಮಿನಲ್ಲಿ ಜಬೀನ್ ತಟ್ಟನೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಗೋಡೆಯ ಮೇಲಿಂದ ಬಗ್ಗಿ ನೋಡಿದರೆ ಇಂಚರ ಕುರ್ಚಿ ಬಿಟ್ಟು ನಿಂತಿದ್ದಾಳೆ. ಒಂದು ಹೆಜ್ಜೆ, ಇನ್ನೊಂದು. ತೂರಾಡುತ್ತಾ ಬಂದು ಗೋಡೆಗೆ ಎರಡೂ ಅಂಗೈ ಊರಿ ಮೇಲೆ ನನ್ನ ಮುಖ ನೋಡಿದಳು.

ಆದರೆ ನಮ್ಮಲ್ಲಿ ಒಂದು ನಿಯಮವಿದೆ. ಮೊದಲ ಹೆಜ್ಜೆ, ಮೊದಲ ಮಾತು, ಏನೇ ಕಂಡರೂ ಕೆಲಸದವರು ತಾಯಿತಂದೆಗೆ ಹೇಳಕೂಡದು. ಅವರು ಮನೆಯಲ್ಲಿ ಕಂಡದ್ದೇ ಮೊದಲನೆಯದು. ಜಬೀನ್ ನನ್ನನ್ನು ನೋಡಿ, "ಅಮ್ಮಾ, ನಿಮ್ಗೆ ಕಷ್ಟ ಆಗುತ್ತಲ್ವಾ? ಒಂದೇ ಮನೇಲಿ ಇರ್ತೀರ" ಎಂದಳು. ನಾನು ನಕ್ಕೆ.

ಬುಧವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಇಂಚರ ಎದ್ದು ಸುಚಿತ್ರಾಳ ಕಡೆ ನಡೆದಳು. ಸುಚಿತ್ರಾ ಕಿರುಚಿದಳು, "ಅತ್ತೇ! ನೋಡಿದ್ರಾ? ಫಸ್ಟ್ ಟೈಮ್!" ಗಿರಿ ಫೋನ್ ಹಿಡಿದು ಓಡಿಬಂದ. ನಾನೂ ಕೈತಟ್ಟಿದೆ. "ನೋಡ್ದೆ ಕಣಮ್ಮ, ಈಗ್ಲೇ ನೋಡಿದ್ದು" ಎಂದೆ. ಸುಳ್ಳು ಹೇಳುವಾಗ ನನ್ನ ನಾಲಿಗೆ ತಡವರಿಸಲೇ ಇಲ್ಲ. ಯಾಕೆಂದರೆ ಅದು ನನಗೆ ಹಳೆಯ ಅಭ್ಯಾಸ.

ಸಂಯುಕ್ತಾ ಮೊದಲು ನಡೆದದ್ದು ಒಂದು ಗುರುವಾರ ಮಧ್ಯಾಹ್ನ, ಹಿತ್ತಲಿನಲ್ಲಿ, ಬಾವಿಕಟ್ಟೆಯಿಂದ ಒಗೆಯುವ ಕಲ್ಲಿನ ತನಕ. ನೀನು ಕಾರ್ಖಾನೆಯಲ್ಲಿದ್ದೆ. ನಿನಗೆ ಹೇಳಬೇಡಿ ಎಂದು ನಿಮ್ಮಮ್ಮನಿಗೆ ದಮ್ಮಯ್ಯಗುಡ್ಡೆ ಹಾಕಿದೆ. ಭಾನುವಾರ ನೀನು ಮನೆಯಲ್ಲಿದ್ದಾಗ ಅವಳನ್ನು ನಿನ್ನ ಕಡೆ ಮುಖ ಮಾಡಿ ನಿಲ್ಲಿಸಿ, ನಾನು ಒಲೆ ನೋಡುವವಳಂತೆ ಒಳಗೆ ಹೋದೆ. ನೀನು ಕಂಡದ್ದು ಮೊದಲ ಹೆಜ್ಜೆಯಲ್ಲ, ರಮಾ.

ಆಗ ನನಗೆ ಯಾರೂ ನಿಯಮ ಹೇಳಿಕೊಟ್ಟಿರಲಿಲ್ಲ. ಅದೂ ಒಂದು ಕೆಲಸ ಎಂದು ಈಗ, ಸಂಬಳ ತೆಗೆದುಕೊಂಡು ಮಾಡಿದ ಮೇಲೆ ತಿಳಿಯಿತು. ನಿನಗೆ ಬೇಸರವಾದರೆ ಬಂದು ಬೈ.

ಮುನಿಗಂಗಮ್ಮ


ನಾಗಪುರ
24 ಫೆಬ್ರವರಿ 2026

ಅತ್ತಿಗೆ,

ಪೆಟ್ಟಿಗೆ ಕಟ್ಟುವುದನ್ನು ಬಿಟ್ಟು ಬರೆಯುತ್ತಿದ್ದೇನೆ. ನಾನು ಬರುವ ಮೊದಲು ಇದು ನಿಮ್ಮ ಕೈ ಸೇರಲಿ.

ನಮ್ಮಮ್ಮನ ಹೊಟ್ಟೆಯಲ್ಲಿ ಒಂದು ಗುಟ್ಟು ಒಂದು ಹೊತ್ತಾದರೂ ನಿಂತದ್ದುಂಟೇ? ಗುರುವಾರ ಸಂಜೆ ನಾನು ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟರು. "ಗಂಗಿಗೆ ಗೊತ್ತಾಗಂಗಿಲ್ಲ, ಅವ್ಳು ನಿಂಗೋಸ್ಕರ ಬಾಯ್ ಕಟ್ಕೊಂಡವ್ಳೆ" ಎಂದರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ. ನೀವು ಏನೂ ಆಗದವರಂತೆ ಸಂಯುಕ್ತಾಳಿಗೆ ಅನ್ನ ಕಲಸುತ್ತಿದ್ದಿರಿ.

ಶುಕ್ರವಾರ, ಶನಿವಾರ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ತಿರುಗಾಡಿದೆವು. ಭಾನುವಾರ ನೀವು ಅವಳನ್ನು ನಿಲ್ಲಿಸಿ ಒಳಗೆ ಹೋದಿರಿ. ಅಡುಗೆಮನೆಯ ಕಿಟಕಿಯ ಸರಳಿನ ಹಿಂದೆ ನಿಮ್ಮ ಅರ್ಧ ಮುಖ ನನಗೆ ಕಾಣುತ್ತಿತ್ತು. ಮಗಳು ನನ್ನ ಕಡೆ ನಡೆದು ಬಂದಳು. ನಾನು ಕೂಗಿದ ಕೂಗಿಗೆ ಆ ಬೀದಿಯ ನಾಯಿಗಳೆಲ್ಲ ಎದ್ದವು, ನೆನಪಿದೆಯೇ?

ಅಷ್ಟು ಜೋರಾಗಿ ಕೂಗಿದ್ದು, ಒಳಗಿದ್ದ ನಿಮಗೆ ಕೇಳಿಸಲಿ ಎಂದು.

ರಮಾ